ಕಡಲನ್ನು ತಡೆಯುವ ಒಂದು ಮೊಳ ನೀರು

ಸರೋವರದ ಅಂಚಿನ ಕಾಲುದಾರಿಯಲ್ಲಿ ಜೊಂಡುಹುಲ್ಲಿನ ಪಕ್ಕದಲ್ಲೇ ನಡೆದು ಬಂದು, ಮರಳ ದಿಬ್ಬವೊಂದನ್ನು ಹತ್ತಿ ಅದರ ನೆತ್ತಿಯ ಮೇಲೆ ನಿಂತಾಗ ಮೊದಲು ಗಮನಕ್ಕೆ ಬರುವುದು ಎರಡು ಬಗೆಯ ಸದ್ದು. ಬೆನ್ನ ಹಿಂದೆ ಸರೋವರದ ಸಣ್ಣ ಅಲೆಗಳು ಒಂದೆರಡು ಸೆಕೆಂಡಿಗೊಮ್ಮೆ ದಡವನ್ನು ತಟ್ಟುತ್ತಿರುತ್ತವೆ; ಕಣ್ಣ ಮುಂದೆ ಸಮುದ್ರದ ಅಲೆ ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ನಿಧಾನವಾಗಿ ಎದ್ದು, ಬಾಗಿ, ಒಡೆಯುತ್ತದೆ. ಸರೋವರದ ಮೇಲೆ ಗಾಳಿಗೆ ಓಡಲು ಸಿಗುವುದು ಒಂದೆರಡು ಕಿಲೋಮೀಟರ್ ಬಯಲಾದರೆ ಸಾಗರದ ಮೇಲೆ ಸಾವಿರಾರು ಕಿಲೋಮೀಟರ್ ಸಿಗುವುದರಿಂದ ಈ ವ್ಯತ್ಯಾಸ. ಹತ್ತು ಸೆಕೆಂಡಿನ ಅಂತರದಲ್ಲಿ ಬರುವ ಅಲೆಯೊಂದು ಆಳ ಸಮುದ್ರದಲ್ಲಿ ಸುಮಾರು 156 ಮೀಟರ್ ಉದ್ದವಿದ್ದು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಸಾಗಿರುತ್ತದೆ. ಒಂದೂವರೆ ಸೆಕೆಂಡಿಗೊಮ್ಮೆ ಬರುವ ಸರೋವರದ ಅಲೆಯ ಉದ್ದ ಮೂರೂವರೆ ಮೀಟರ್ ಮಾತ್ರ. ಜನಸಂಚಾರವಿಲ್ಲದ ತೀರವನ್ನು ನಾವು ನಿಶ್ಶಬ್ದವೆನ್ನುತ್ತೇವೆ, ಆದರೆ ಅಲ್ಲಿ ಎರಡು ಗಡಿಯಾರಗಳು ಬೇರೆ ಬೇರೆ ಲಯದಲ್ಲಿ ಸದಾ ಬಡಿಯುತ್ತಿರುತ್ತವೆ.

ಹೀಗೆ ನಿಂತವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬೇಕು, ಏಳದಿದ್ದರೆ ಎಬ್ಬಿಸಿಕೊಳ್ಳಬೇಕು. ಒಂದು ಬದಿಯಲ್ಲಿ ಪ್ರತಿ ಕಿಲೋಗ್ರಾಂಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು, ಇನ್ನೊಂದು ಬದಿಯಲ್ಲಿ ಜೊಂಡು, ಕಪ್ಪೆ, ತಾವರೆಗಳಿಗೆ ಒಗ್ಗುವಷ್ಟು ಸಿಹಿಯಾದ ನೀರು, ನಡುವೆ ನೂರಿನ್ನೂರು ಹೆಜ್ಜೆಯಷ್ಟು ಅಗಲದ ಮರಳು. ಆ ಮರಳೇ ಗೋಡೆಯಾಗಿ ಕಡಲನ್ನು ತಡೆದಿದೆ ಎಂದು ಭಾವಿಸುವುದು ಸುಲಭ, ಆದರೆ ಅದು ಸರಿಯಲ್ಲ. ಒಂದು ಬಕೆಟ್ ತುಂಬ ಒಣ ಮರಳು ತುಂಬಿ ನೀರು ಸುರಿದು ನೋಡಿದರೆ, ಬಕೆಟ್ಟಿನ ಮೂರನೆಯ ಒಂದು ಪಾಲಿನಷ್ಟು ನೀರು ಮರಳಿನೊಳಗೇ ಅಡಗಿಬಿಡುತ್ತದೆ. ಕಣ ಕಣದ ನಡುವಿನ ಸಂದುಗಳು ಅಷ್ಟಿವೆ, ಮತ್ತು ಅವು ಒಂದಕ್ಕೊಂದು ಕೂಡಿಕೊಂಡಿವೆ. ಮರಳ ಪಟ್ಟಿ ಎಂದರೆ ಗೋಡೆಯಲ್ಲ, ಜರಡಿ. ಜರಡಿಯೊಂದರ ಎರಡು ಪಕ್ಕದಲ್ಲಿ ಎರಡು ಬಗೆಯ ನೀರು ಬೆರೆಯದೆ ಉಳಿದಿರುವುದು ಹೇಗೆ?

ಉತ್ತರವಿರುವುದು ಸರೋವರದ ಎತ್ತರದಲ್ಲಿ. ದಿಬ್ಬದ ಮೇಲಿಂದ ನೋಡುವಾಗ ಎರಡೂ ನೀರು ಒಂದೇ ಮಟ್ಟದಲ್ಲಿರುವಂತೆ ಕಂಡರೂ, ಮಳೆ ಮತ್ತು ತೊರೆಗಳಿಂದ ತುಂಬಿಕೊಳ್ಳುವ ಇಂಥ ಸರೋವರದ ಮಟ್ಟ ಸಾಮಾನ್ಯವಾಗಿ ಸಮುದ್ರದ ಸರಾಸರಿ ಮಟ್ಟಕ್ಕಿಂತ ತುಸು ಮೇಲಿರುತ್ತದೆ. ಈ ತುಸುವೇ ಮುಖ್ಯ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆಯಷ್ಟು ಭಾರ. ಹಾಗಾಗಿ 40 ಮೀಟರ್ ಎತ್ತರದ ಉಪ್ಪುನೀರಿನ ಕಂಬ 41 ಮೀಟರ್ ಎತ್ತರದ ಸಿಹಿನೀರಿನ ಕಂಬಕ್ಕೆ ಸರಿತೂಗುತ್ತದೆ. ಇದರ ಅರ್ಥವೇನೆಂದರೆ, ಮರಳಿನೊಳಗಿನ ಸಿಹಿನೀರು ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ನಿಂತಿದ್ದರೆ, ಅದು ತನ್ನ ಕೆಳಗಿನ ಉಪ್ಪುನೀರನ್ನು 40 ಮೀಟರ್ ಆಳಕ್ಕೆ ಒತ್ತಿ ಇಡಬಲ್ಲದು. ಮೊಳವೊಂದಕ್ಕೆ 45 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಒಂದು ಮೊಳ ಎತ್ತರದ ಸಿಹಿನೀರು 18 ಮೀಟರ್ ಆಳದವರೆಗೆ ಕಡಲನ್ನು ತಡೆದು ನಿಲ್ಲಿಸುತ್ತದೆ. ನಿಂತ ನೀರಿಗೆ ಹಾಕಿದ ಲೆಕ್ಕ ಇದು. ನಿಜವಾದ ತೀರದಲ್ಲಿ ನೀರು ಹರಿಯುತ್ತಿರುತ್ತದೆ, ಗಡಿಯೂ ಗೆರೆ ಎಳೆದಂತಿರದೆ ಸಿಹಿಯಿಂದ ಚೌಳಿಗೆ, ಚೌಳಿನಿಂದ ಉಪ್ಪಿಗೆ ಮೆಲ್ಲಗೆ ಬದಲಾಗುವ ಪಟ್ಟಿಯಾಗಿರುತ್ತದೆ. ಆದರೂ ಅಂದಾಜಿಗೆ ಈ ಲೆಕ್ಕ ಇಂದಿಗೂ ಸಲ್ಲುತ್ತದೆ.

ಈ ತೂಕದ ಸಂಬಂಧವನ್ನು 1828ರಲ್ಲೇ ಅಮೆರಿಕದ ಶಿಕ್ಷಕ ಜೋಸೆಫ್ ಡು ಕಮನ್ ಬರೆದು ಪ್ರಕಟಿಸಿದ್ದರು, ಆದರೆ ಅದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 1880ರ ದಶಕದ ಕೊನೆಗೆ ಡಚ್ ಸೇನಾ ಎಂಜಿನಿಯರ್ ಬಾಡನ್ ಗೈಬೆನ್, 1901ರಲ್ಲಿ ಜರ್ಮನಿಯ ಹೆರ್ಜ್‌ಬರ್ಗ್ ತಾವಾಗಿಯೇ ಇದನ್ನು ಕಂಡುಕೊಂಡರು. ಇಂದು ಸೂತ್ರವು ಈ ಇಬ್ಬರ ಹೆಸರಿನಲ್ಲೇ ಪಾಠವಾಗುತ್ತದೆ.

ಇದನ್ನು ಕಣ್ಣಾರೆ ಕಾಣಲು ಉಪಕರಣವೇನೂ ಬೇಕಿಲ್ಲ. ಸಮುದ್ರ ಇಳಿತದಲ್ಲಿರುವಾಗ ಕಡಲ ಬದಿಯ ಇಳಿಜಾರಿಗೆ ಹೋಗಿ, ಒಣ ಮರಳು ಮುಗಿದು ಹೊಳೆಯುವ ಒದ್ದೆ ಮರಳು ಆರಂಭವಾಗುವ ಕಡೆ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಅಲೆ ತಲುಪದೆ ಒಂದು ಗಂಟೆ ಕಳೆದಿದ್ದರೂ ಆ ಮರಳು ಒಣಗಿರುವುದಿಲ್ಲ. ಹತ್ತಿರದಿಂದ ನೋಡಿದರೆ ಮರಳಿನ ಮೈಯಿಂದ ನೀರು ಒಸರುತ್ತಿರುವುದು ಕಾಣಿಸುತ್ತದೆ: ಮೊದಲು ಬೆವರಿನಂತೆ, ಆಮೇಲೆ ದಾರದಷ್ಟು ಸಣ್ಣ ಹರಿವುಗಳಾಗಿ, ಅವು ಎರಡೆರಡಾಗಿ ಕೂಡಿ ಬೆರಳಗಲದ ತೊರೆಗಳಾಗಿ, ಎಲೆಯ ನರಗಳ ಚಿತ್ರದಂತೆ ಮರಳನ್ನು ಕೊರೆದುಕೊಂಡು ಇಳಿಯುತ್ತವೆ. ಅಲ್ಲೊಂದು ಹನಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿದರೆ ಕಡಲ ನೀರಿಗಿಂತ ಸಪ್ಪೆಯಾಗಿರುವುದು ಎಷ್ಟೋ ಕಡೆ ತಿಳಿಯುತ್ತದೆ. ಆ ತೊರೆ ಮುಂದೆ ನಿಶ್ಚಲವಾದ ಉಪ್ಪುನೀರಿನ ಹೊಂಡವೊಂದಕ್ಕೆ ಇಳಿದರೆ, ಹೊಂಡದ ತಳದ ಮರಳು ಒಂದು ಕ್ಷಣ ಬಿಸಿಲ ಝಳದ ಆಚೆಗಿನ ವಸ್ತುವಿನಂತೆ ನಡುಗುತ್ತದೆ. ಸಾಂದ್ರತೆ ಬೇರೆಯಾದ ಎರಡು ನೀರು ಬೆರೆಯುವಾಗ ಬೆಳಕು ಬಾಗುವ ಬಗೆಯೂ ಬೇರೆಯಾಗುವುದರಿಂದ ಹೀಗೆ ಕಾಣುತ್ತದೆ. ಸರೋವರ ಸೋರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ. ಹೀಗೆ ಸೋರುತ್ತಿರುವುದರಿಂದಲೇ ಅದು ಸಿಹಿಯಾಗಿ ಉಳಿದಿದೆ, ಏಕೆಂದರೆ ನೀರು ಹೊರಕ್ಕೆ ಹರಿಯುತ್ತಿರುವ ದಾರಿಯಲ್ಲಿ ಉಪ್ಪು ಒಳಕ್ಕೆ ಬರುವುದು ಕಷ್ಟ.

ಇನ್ನು ಈ ಮರಳು ಇಲ್ಲಿಗೆ ಬಂದದ್ದು ಹೇಗೆ ಎಂಬ ವಿಚಾರ. ಸುಮಾರು 20,000 ವರ್ಷಗಳ ಹಿಂದೆ, ಕೊನೆಯ ಹಿಮಯುಗ ತೀವ್ರವಾಗಿದ್ದಾಗ, ಸಮುದ್ರದ ಮಟ್ಟ ಇಂದಿಗಿಂತ ಹೆಚ್ಚು ಕಡಿಮೆ 120 ಮೀಟರ್ ಕೆಳಗಿತ್ತು. ಹಿಮ ಕರಗಿದಂತೆ ಕಡಲು ಏರುತ್ತ ಬಂದು, ತನ್ನ ಹಾದಿಯಲ್ಲಿದ್ದ ಮರಳು ಮತ್ತು ಹರಳುಕಲ್ಲುಗಳನ್ನು ಮುಂದಕ್ಕೆ ನೂಕಿಕೊಂಡು ಬಂದಿತು. ಆರೇಳು ಸಾವಿರ ವರ್ಷಗಳ ಹಿಂದೆ ಏರಿಕೆ ನಿಧಾನವಾದಾಗ ಆ ರಾಶಿ ಅನೇಕ ತೀರಗಳಲ್ಲಿ ಪಟ್ಟಿಯಾಗಿ ನೆಲೆನಿಂತು, ಹಿಂದಿದ್ದ ಕಣಿವೆ ಕೊಲ್ಲಿಗಳ ಬಾಯಿ ಮುಚ್ಚಿತು. ಅಂದಿನಿಂದಲೂ ಅಲೆಗಳು ಅದನ್ನು ತಿದ್ದುತ್ತಲೇ ಇವೆ. ಒಡೆದ ಅಲೆಯ ನೀರು ಮರಳನ್ನು ಹೊತ್ತು ಇಳಿಜಾರನ್ನು ಏರುತ್ತದೆ, ಹಿಂದಿರುಗುವಾಗ ಅದರ ಒಂದು ಭಾಗ ಮರಳಿನೊಳಕ್ಕೆ ಇಂಗಿಹೋಗುವುದರಿಂದ ತಂದ ಹೊರೆಯಷ್ಟನ್ನೂ ವಾಪಸು ಒಯ್ಯಲು ಅದಕ್ಕೆ ಶಕ್ತಿ ಸಾಲುವುದಿಲ್ಲ. ಕಣ ದಪ್ಪವಾದಷ್ಟೂ ಇಂಗುವಿಕೆ ಹೆಚ್ಚು, ಇಳಿಜಾರೂ ಕಡಿದು. ಬಿರುಗಾಳಿಯ ದೊಡ್ಡ ಅಲೆಗಳು ಮಾತ್ರ ಈ ಲೆಕ್ಕವನ್ನು ತಲೆಕೆಳಗು ಮಾಡಿ, ಮರಳನ್ನು ಕಡಲಿಗೆ ಸೆಳೆಯುತ್ತವೆ, ಇಲ್ಲವೇ ದಿಬ್ಬವನ್ನೇ ದಾಟಿ ಸರೋವರದ ಕಡೆಗೆ ಬೀಸಣಿಗೆಯ ಆಕಾರದಲ್ಲಿ ಹರಡುತ್ತವೆ. ಸರೋವರದ ಅಂಚಿನಲ್ಲಿ ಜೊಂಡಿನ ನಡುವೆ ಕಡಲ ಚಿಪ್ಪುಗಳು ಸಿಕ್ಕರೆ ಅಂಥದೊಂದು ರಾತ್ರಿಯ ಗುರುತು ಅದು.

ಮಳೆ ಹೆಚ್ಚಾಗಿ, ಸೋರುವಿಕೆಯಿಂದ ಹೊರಹೋಗುವುದಕ್ಕಿಂತ ಒಳಬರುವ ನೀರೇ ಜಾಸ್ತಿಯಾದಾಗ, ಸರೋವರ ಏರುತ್ತ ಏರುತ್ತ ದಿಬ್ಬದ ಅತಿ ತಗ್ಗಿನ ಜಾಗವನ್ನು ಹುಡುಕಿಕೊಳ್ಳುತ್ತದೆ. ಮೊದಲು ಹರಿಯುವುದು ಪಾದ ಮುಳುಗದಷ್ಟು ತೆಳುವಾದ ನೀರು. ಅದು ಮರಳನ್ನು ಕೊರೆಯುತ್ತದೆ, ಕೊರೆದಷ್ಟು ಹೆಚ್ಚು ನೀರು ನುಗ್ಗುತ್ತದೆ, ನುಗ್ಗಿದಷ್ಟು ಇನ್ನೂ ಆಳಕ್ಕೆ ಕೊರೆಯುತ್ತದೆ. ಕೆಲವೇ ಗಂಟೆಗಳಲ್ಲಿ ದಾಟಲಾಗದ ಕಾಲುವೆಯೊಂದು ತೆರೆದು, ತಿಂಗಳುಗಟ್ಟಲೆ ಕೂಡಿದ ನೀರು ಕಡಲಿಗೆ ಧುಮುಕುತ್ತದೆ. ಅಮೆರಿಕದ ಫ್ಲಾರಿಡಾ ರಾಜ್ಯದ ವಾಲ್ಟನ್ ಕೌಂಟಿಯ ತೀರದಲ್ಲಿ ದಿಬ್ಬಗಳ ಹಿಂದೆ ಹೆಸರುಳ್ಳ ಇಂಥ 15 ಸರೋವರಗಳಿವೆ. ಎಲೆಗಳ ಒಗರಿನಿಂದ ಚಹಾದ ಬಣ್ಣ ತಳೆದ ಅವುಗಳ ನೀರು ಬಾಯಿ ತೆರೆದಾಗ ಕಡಲ ಹಸಿರಿನೊಳಗೆ ಕಂದು ಪಟ್ಟೆಯಾಗಿ ಹರಡುತ್ತದೆ. ಸರೋವರ ತಗ್ಗಿದ ಮೇಲೆ ಉಬ್ಬರದ ನೀರು ಅದೇ ಕಾಲುವೆಯಲ್ಲಿ ಒಳಬರುತ್ತದೆ. ಆಮೇಲೆ ಅಲೆಗಳು ಮರಳು ತಂದು ತಂದು ಬಾಯಿಯನ್ನು ಮತ್ತೆ ಮುಚ್ಚುತ್ತವೆ.

ಒಳಬಂದ ಉಪ್ಪುನೀರು ಭಾರವಾದ್ದರಿಂದ ಸರೋವರದ ತಳ ಸೇರುತ್ತದೆ, ಮೇಲೆ ಸಿಹಿನೀರು ಮುಚ್ಚಳದಂತೆ ಕೂರುತ್ತದೆ. ಮುಚ್ಚಳದ ಕೆಳಗೆ ಗಾಳಿಯ ಆಮ್ಲಜನಕ ಇಳಿಯದೆ, ಇದ್ದದ್ದೂ ಕೊಳೆಯುವ ಎಲೆಕಡ್ಡಿಗಳಿಗೆ ಖರ್ಚಾಗಿ, ಕೊನೆಗೆ ಸಮುದ್ರದ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳ ಆಳ್ವಿಕೆ ಶುರುವಾಗುತ್ತದೆ. ಇಂಥ ಸರೋವರದ ಕಪ್ಪು ಕೆಸರನ್ನು ಕೋಲಿನಿಂದ ಕೆದಕಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಅವು ಹೊರಬಿಡುವ ಹೈಡ್ರೋಜನ್ ಸಲ್ಫೈಡ್‌ನದು.

ಮರಳಿನೊಳಗಿನ ಸೋರಿಕೆ ಮನುಷ್ಯರಿಗಿಂತ ಮೊದಲೇ ಹಾವುಮೀನುಗಳಿಗೆ ತಿಳಿದಂತಿದೆ. ಸಿಹಿನೀರಿನಲ್ಲಿ ವರ್ಷಗಟ್ಟಲೆ ಬೆಳೆದು ಮೊಟ್ಟೆಯಿಡಲು ದೂರದ ಸಾಗರಕ್ಕೆ ಹೊರಡುವ ಈ ಮೀನುಗಳಿಗೆ ದಿಬ್ಬ ಅಡ್ಡಬರುತ್ತದೆ. ನ್ಯೂಜಿಲೆಂಡಿನ ವೈರೇವಾ ಸರೋವರವನ್ನು ಕಡಲಿನಿಂದ ಬೇರ್ಪಡಿಸಿರುವುದು ಹರಳುಕಲ್ಲಿನ ದಿಬ್ಬ. ಅಲ್ಲಿನ ಮಾವೋರಿ ಜನ ಸರೋವರದ ಅಂಚಿನಿಂದ ಕಡಲಿನತ್ತ, ಆದರೆ ಕಡಲನ್ನು ಮುಟ್ಟದಂತೆ, ಉದ್ದನೆಯ ಕಾಲುವೆಗಳನ್ನು ತೋಡುತ್ತ ಬಂದಿದ್ದಾರೆ. ಹೊರಡುವ ಋತುವಿನ ಕತ್ತಲ ರಾತ್ರಿಗಳಲ್ಲಿ ಹೊರದಾರಿ ಅರಸುವ ಹಾವುಮೀನುಗಳು ಕಲ್ಲಿನ ಸಂದುಗಳಲ್ಲಿ ನೀರು ಕಡಲಿಗೆ ಇಂಗುವ ಆ ಕಾಲುವೆಗಳಿಗೆ ನುಗ್ಗುತ್ತವೆ, ಜನ ಅಲ್ಲಿ ಅವನ್ನು ಹಿಡಿಯುತ್ತಾರೆ. ಸಾಂದ್ರತೆಯ ಲೆಕ್ಕ ಯಾರೂ ಬರೆಯುವ ಮೊದಲೇ ದಿಬ್ಬದ ಮೂಲಕ ನೀರು ಎತ್ತ ಸರಿಯುತ್ತದೆ ಎಂಬುದನ್ನು ಸರಿಯಾಗಿ ಬಲ್ಲ ತಿಳಿವಳಿಕೆ ಇದು, ಮತ್ತು ಇದಕ್ಕೆ ವಿಜ್ಞಾನದ ಗೌರವ ಸಲ್ಲಬೇಕು.

ದಿಬ್ಬಕ್ಕೆ ಹೊಸ ಮರಳು ಬರುತ್ತಲೇ ಇರುತ್ತದೆ ಎಂಬ ನಂಬಿಕೆ ಎಲ್ಲ ತೀರಕ್ಕೂ ಹೊಂದುವುದಿಲ್ಲ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಸ್ಟಾರ್ಟ್ ಕೊಲ್ಲಿಯಲ್ಲಿ ಸ್ಲ್ಯಾಪ್ಟನ್ ಲೇ ಎಂಬ ಸಿಹಿನೀರಿನ ಸರೋವರವಿದೆ; ಅದಕ್ಕೂ ಕಡಲಿಗೂ ನಡುವೆ ಇರುವುದು ಹರಳುಕಲ್ಲಿನ ಒಂದು ಏಣು, ಅದರ ಮೇಲೊಂದು ರಸ್ತೆ. ಆ ಹರಳುಕಲ್ಲುಗಳು ಏರುತ್ತ ಬಂದ ಕಡಲು ಹಿಂದೆಂದೋ ಒಟ್ಟುಮಾಡಿ ತಂದ ಹಳೆಯ ದಾಸ್ತಾನು, ಇಂದು ಹೊಸದಾಗಿ ಸೇರುವುದು ಬಲು ಕಡಿಮೆ. ಅದೇ ಕೊಲ್ಲಿಯ ಹಾಲ್‌ಸ್ಯಾಂಡ್ಸ್ ಎಂಬ ಮೀನುಗಾರರ ಹಳ್ಳಿಯ ಮುಂದೆ 1897ರಿಂದ ಬಂದರು ಕಟ್ಟಡದ ಕೆಲಸಕ್ಕಾಗಿ ಹರಳುಕಲ್ಲನ್ನು ಬಾಚಿ ಒಯ್ಯಲಾಯಿತು, ತೆಗೆದದ್ದನ್ನು ಕಡಲೇ ತುಂಬಿಕೊಡುತ್ತದೆ ಎಂಬ ಭರವಸೆಯ ಮೇಲೆ. ಕಡಲು ತುಂಬಿಕೊಡಲಿಲ್ಲ. ಹಳ್ಳಿಗರ ಪ್ರತಿಭಟನೆಯ ಬಳಿಕ 1902ರಲ್ಲಿ ಕೆಲಸ ನಿಂತರೂ ತೀರ ಆಗಲೇ ಕುಸಿದಿತ್ತು, 1917ರ ಜನವರಿಯ ಬಿರುಗಾಳಿಯಲ್ಲಿ ಮನೆಗಳು ಒಂದೊಂದಾಗಿ ಕಡಲು ಪಾಲಾದವು. ಜನ ಹೇಗೋ ಪಾರಾದರು. 2001ರ ಜನವರಿಯಲ್ಲಿ ಬಿರುಗಾಳಿಯೊಂದು ಸ್ಲ್ಯಾಪ್ಟನ್ನಿನ ರಸ್ತೆಯನ್ನೂ ಕಿತ್ತುಹಾಕಿದಾಗ, ಆ ಭಾಗವನ್ನು ಸರೋವರದ ಕಡೆಗೆ ಸರಿಸಿ ಮತ್ತೆ ಹಾಕಬೇಕಾಯಿತು.

ಮರಳನ್ನು ತೆಗೆಯುವುದು ಕಣ್ಣಿಗೆ ಕಾಣುವ ಹಾನಿ. ಸರೋವರದ ನೀರನ್ನು, ಅಥವಾ ಅದರ ಸುತ್ತಲಿನ ನೆಲದಡಿಯ ನೀರನ್ನು ಪಂಪು ಹಚ್ಚಿ ಎಳೆಯುವುದು ಕಾಣದ ಹಾನಿ. ಒಂದಕ್ಕೆ ನಲವತ್ತರ ಆ ಲೆಕ್ಕ ಎರಡೂ ದಿಕ್ಕಿಗೆ ಅನ್ವಯಿಸುತ್ತದೆ: ಸಿಹಿನೀರಿನ ಮಟ್ಟ ಒಂದು ಗೇಣು ಇಳಿದರೆ, ಅಡಿಯಲ್ಲಿ ಉಪ್ಪುನೀರು ಕಾಲಕ್ರಮದಲ್ಲಿ ನಲವತ್ತು ಗೇಣು ಏರಬಲ್ಲದು. ಕಡಲೇ ಮೇಲೇರಿದರೂ ಎರಡು ಮಟ್ಟಗಳ ಅಂತರ ಅಷ್ಟೇ ಕುಗ್ಗುತ್ತದೆ.

ಇಂಥ ತೀರಕ್ಕೆ ಹೋದಾಗ ನಡೆಯಲು ಒಳ್ಳೆಯ ಜಾಗವೆಂದರೆ ಅಲೆ ಬಂದು ಹೋಗುವ ಗಟ್ಟಿ ಮರಳು. ದಿಬ್ಬದ ಮೇಲ್ಭಾಗದ ಒಣ ಮರಳಿನಲ್ಲಿ ರೀವ ಮತ್ತು ಪ್ಲೋವರ್ ಹಕ್ಕಿಗಳು ಗೂಡೇ ಕಟ್ಟದೆ, ಎದೆಯಿಂದ ಒತ್ತಿ ಮಾಡಿದ ಅಂಗೈಯಗಲದ ತಗ್ಗಿನಲ್ಲಿ ಮೊಟ್ಟೆಯಿಡುತ್ತವೆ, ಮತ್ತು ಆ ಮೊಟ್ಟೆಗಳ ಚುಕ್ಕೆ ಮರಳಿನ ಬಣ್ಣಕ್ಕೆ ಎಷ್ಟು ಹೊಂದುತ್ತದೆಂದರೆ ಕಾಲಡಿಯಲ್ಲಿದ್ದರೂ ಕಾಣುವುದಿಲ್ಲ. ಹಕ್ಕಿಯೊಂದು ಮುರಿದಂತೆ ರೆಕ್ಕೆ ಎಳೆಯುತ್ತ ಮುಂದೆ ಮುಂದೆ ಓಡಿದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲಿದೆ ಎಂದರ್ಥ. ಬಂದ ಹೆಜ್ಜೆಗಳ ಮೇಲೆಯೇ ಹಿಂದಿರುಗಬೇಕು. ಹಿಂದಿರುಗುವಾಗ ಒದ್ದೆ ಇಳಿಜಾರಿನಲ್ಲಿ ಮೂಡಿದ ನಿಮ್ಮದೇ ಹೆಜ್ಜೆಯ ಗುರುತನ್ನು ಸ್ವಲ್ಪ ನಿಂತು ನೋಡಿ. ಹಿಮ್ಮಡಿ ಆಳವಾಗಿ ಊರಿದ ಕಡೆ ದಿಬ್ಬದ ಬದಿಯಿಂದ ನೀರು ಜಿನುಗಿ ಬಂದು ತಗ್ಗು ತುಂಬುತ್ತದೆ, ತುಳುಕುತ್ತದೆ, ಆಮೇಲೆ ದಾರದಷ್ಟು ಸಣ್ಣ ತೊರೆಯಾಗಿ ಕಡಲಿನ ಕಡೆಗೆ ಹೊರಡುತ್ತದೆ.