ಕವಳಿ ಗಿಡವನ್ನು ನೆಲಕ್ಕೆ ಹಬ್ಬಿಸುವುದು ಹೇಗೆ?

ಮೇ ತಿಂಗಳಲ್ಲಿ ಧಾರವಾಡದ ಮಾರ್ಕೆಟ್ಟಿಗೆ ಬುಟ್ಟಿ ತುಂಬ ಬರುವ ಕಪ್ಪು ಹಣ್ಣು ಗೊತ್ತಲ್ವಾ? ಅದೇ ಕವಳಿ. ಕಲಘಟಗಿ ಕಡೆಯ ಕುರುಚಲು ಕಾಡಿನಲ್ಲಿ ಯಾರೂ ನೀರು ಹಾಕದೆ ಬೆಳೆಯುತ್ತದೆ. ಎಕ್ಕೆ, ಕಣಗಿಲೆಗಳ ಕುಟುಂಬದ್ದು. ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಹೂವು ಮಲ್ಲಿಗೆಯ ಹಾಗೆ ಘಮಘಮ.

ಒಂದು ಮಾತು ಮೊದಲೇ ಹೇಳಬೇಕು. ಸುಮ್ನೆ ಬಿಟ್ಟರೆ ಇದು ಆಳೆತ್ತರದ ಮುಳ್ಳುಪೊದೆ ಆಗುತ್ತದೆ. ನೆಲಕ್ಕೆ ಹಬ್ಬಿಸುವುದು ನಮ್ಮ ಕೈಯಲ್ಲಿದೆ.

ನಾನು ತಪ್ಪಿದ್ದು ಬೀಜದಲ್ಲಿ. ಹಣ್ಣು ತಿಂದು, ಬೀಜ ಒಣಗಿಸಿ, ಡಬ್ಬಿಯಲ್ಲಿಟ್ಟು ದೀಪಾವಳಿ ಆದಮೇಲೆ ಹಾಕಿದೆ. ಒಂದೂ ಏಳಲಿಲ್ಲ. ಕವಳಿ ಬೀಜಕ್ಕೆ ಜಾಸ್ತಿ ದಿನ ಜೀವ ನಿಲ್ಲುವುದಿಲ್ಲ. ಕಾಡಿನಲ್ಲಿ ಅದಕ್ಕೆ ಕಾಯುವ ಕೆಲಸವೇ ಇಲ್ಲ ನೋಡಿ: ಹಣ್ಣು ಮಾಗಿ ಉದುರುವ ಹೊತ್ತಿಗೆ ರೋಹಿಣಿ ಮಳೆ, ಅದರ ಹಿಂದೆಯೇ ಮಿರಗ, ಅಂದರೆ ಮೃಗಶಿರಾ ಮಳೆ. ಹಾಗಾಗಿ ಚೆನ್ನಾಗಿ ಮಾಗಿದ ಹಣ್ಣನ್ನು ಹಿಸುಕಿ, ಬೀಜವನ್ನು ಮರಳಿನಲ್ಲಿ ಉಜ್ಜಿ ತೊಳೆದು, ಅದೇ ವಾರ ಮಣ್ಣು ತುಂಬಿದ ಪಾಕೀಟಿನಲ್ಲಿ ಬಿತ್ತಿ. ಮುಂದಿನ ವರ್ಷದ ಮಿರಗಕ್ಕೆ ಸಸಿಯನ್ನು ನೆಲಕ್ಕಿಳಿಸಬಹುದು.

ಮಸಾರಿ ನೆಲ (ಕೆಂಪು ಮಣ್ಣು), ಕಲ್ಲು ನೆಲ ಇದಕ್ಕೆ ಒಪ್ಪುತ್ತದೆ. ನವಲಗುಂದ, ಗದಗದ ಕಡೆಯ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಮಳೆಗಾಲಕ್ಕೆ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿ ಒಡ್ಡಿನ ಇಳಿಜಾರಿನಲ್ಲಿ ಹಚ್ಚುವುದೇ ಒಳ್ಳೆಯದು. ಮಣ್ಣನ್ನೂ ಹಿಡಿಯುತ್ತದೆ. ನಾನು ಮೂರು ಅಡಿಗೊಂದು ಹಚ್ಚಿದ್ದೇನೆ.

ಸಸಿ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ. ಪಕ್ಕದ ಟೊಂಗೆ ಒಡೆಯುತ್ತವೆ. ಅವುಗಳಲ್ಲಿ ಉದ್ದನೆಯದನ್ನು ಮಳೆಗಾಲದಲ್ಲಿ ನೆಲಕ್ಕೆ ಬಗ್ಗಿಸಿ, ಮಣ್ಣಿಗೆ ತಾಗುವ ಕಡೆ ಒಂದು ಬೆರಳಗಲ ತೊಗಟೆ ಸುಲಿದು, ಮಣ್ಣು ಮುಚ್ಚಿ ಕಲ್ಲು ಹೇರಿ. ಅಲ್ಲೇ ಬೇರು ಬಿಡುತ್ತದೆ. ತಾಯಿಗಿಡದಿಂದ ಕತ್ತರಿಸಬೇಡಿ. ಅಲ್ಲಿಂದ ಮತ್ತೊಂದು ಟೊಂಗೆ ಮುಂದೆ ಹರಿಯಲಿ. ಬರೀ ಕಡ್ಡಿ ಕತ್ತರಿಸಿ ಊರುವುದಕ್ಕಿಂತ ಇದೇ ನಂಬಿಕೆಯ ದಾರಿ.

ಕತ್ತರಿ ಹಾಕುವ ಸಮಯವೂ ಮುಖ್ಯ. ಹೂಗೊಂಚಲು ಬರುವುದು ಟೊಂಗೆಯ ತುದಿಯಲ್ಲಿ. ಚಳಿಗಾಲ ಮುಗಿಯುವಾಗ ಚಂದ ಕಾಣಲಿ ಅಂತ ತುದಿ ಸವರಿದರೆ ಆ ವರ್ಷದ ಹಣ್ಣು ಹೋಯಿತು. ಹಣ್ಣು ಕಿತ್ತ ಮೇಲೆ, ಮಳೆ ಹಿಡಿದಾಗ ಮೇಲಕ್ಕೆದ್ದ ಟೊಂಗೆಗಳನ್ನು ಮಾತ್ರ ಕತ್ತರಿಸಿ. ಕೈಗೆ ಮೊದಲೇ ಎಣ್ಣೆ ಸವರಿಕೊಳ್ಳಿ, ಹಾಲು ಅಂಟಿದರೆ ಬೇಗ ಬಿಡುವುದಿಲ್ಲ. ಮಕ್ಕಳು ಓಡಾಡುವ ದಾರಿಯ ಪಕ್ಕ ಮಾತ್ರ ಹಚ್ಚಬೇಡಿ, ಮುಳ್ಳು ಗಟ್ಟಿ.