ಮೊದಲ ಅಲ್ಟ್ರಾ ರೇಸಿಗೆ ಕಾಲೊಂದನ್ನೇ ಸಿದ್ಧ ಮಾಡಬೇಡಿ

ಹಗಲು ರಾತ್ರಿ ನೂರಾರು ಕಿ.ಮೀ. ತುಳಿಯುವ ಅಲ್ಟ್ರಾ ಸೈಕ್ಲಿಂಗ್ ರೇಸಿಗೆ ಮೊದಲ ಸಲ ಹೆಸರು ಕೊಟ್ಟವರು ಫಿಸಿಯೋಥೆರಪಿಸ್ಟ್ ಹತ್ತಿರ ಬಂದು ಕೇಳುವುದು ಹೆಚ್ಚಾಗಿ ಕಾಲಿನ ಬಗ್ಗೆ. ತೊಡೆಗೆ ಯಾವ ವ್ಯಾಯಾಮ, ಮಂಡಿಗೆ ಯಾವ ಟೇಪು ಅಂತ. ಆದರೆ ರೇಸನ್ನು ಅರ್ಧಕ್ಕೆ ಬಿಟ್ಟು ಬಂದವರು ಕಾಲನ್ನು ದೂರುವುದು ಕಡಿಮೆ. ಕೂರೋಕಾಗಲಿಲ್ಲ, ಬೆರಳು ಜೋಮು ಹಿಡಿದು ಗೇರ್ ಬದಲಿಸೋಕಾಗಲಿಲ್ಲ, ಏನು ತಿಂದರೂ ವಾಂತಿ ಬರೋ ಹಾಗಾಯಿತು ಅನ್ನುತ್ತಾರೆ.

ಮೊದಲು ಕೈ ನೋಡೋಣ. ಅಂಗೈಯ ಕಿರುಬೆರಳಿನ ಕಡೆ ಅಲ್ನಾರ್ ಅನ್ನುವ ನರ ಹಾದುಹೋಗುತ್ತದೆ. ಗಂಟೆಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಬಿಟ್ಟರೆ ಅದು ಅದುಮಿ ಹೋಗುತ್ತದೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ, ಹಿಡಿತವೂ ಸಡಿಲವಾಗುತ್ತದೆ. ದಪ್ಪ ಗ್ಲೌಸ್ ಹಾಕಿಕೊಂಡರೆ ಸಾಕು ಅನ್ನುವವರಿದ್ದಾರೆ. ಸ್ವಲ್ಪ ಸಹಾಯ ಆಗುತ್ತದೆ, ನಿಜ. ಆದರೆ ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಕೈಗೇ ಜಾರುತ್ತದೆ. ಮೊದಲು ಅದನ್ನು ಸರಿ ಮಾಡಿ. ಹ್ಯಾಂಡಲ್ ಸ್ವಲ್ಪ ಎತ್ತರಿಸಿ. ಮೊಣಕೈ ಊರಿ ಮುಂದಕ್ಕೆ ಬಾಗಿ ಹಿಡಿಯುವ ಏರೋಬಾರ್ ಹಾಕಿಸಿದರೂ ವೇಗಕ್ಕಿಂತ ಜಾಸ್ತಿ ಅಂಗೈಗೆ ಬಿಡುವು ಸಿಗಲಿ ಅಂತ ಹಾಕಿಸಿ. ಅದು ತೀರಾ ತಗ್ಗಿನಲ್ಲಿದ್ದರೆ ಮಾತ್ರ ಕತ್ತಿಗೆ ಕಷ್ಟ. 1983ರಲ್ಲಿ ಅಮೆರಿಕವನ್ನು ಅಡ್ಡಲಾಗಿ ದಾಟುವ ರೇಸಿನಲ್ಲಿ ಮೈಕೆಲ್ ಶರ್ಮರ್ ಅನ್ನುವವರ ಕತ್ತಿನ ಸ್ನಾಯುಗಳು ಎಷ್ಟು ಸೋತವೆಂದರೆ ತಲೆ ಎತ್ತಿ ಹಿಡಿಯಲಾಗಲಿಲ್ಲ. ಆ ತೊಂದರೆಗೆ ಈಗಲೂ ‘ಶರ್ಮರ್ಸ್ ನೆಕ್’ ಅಂತಲೇ ಹೆಸರು.

ಸೀಟಿನ ವಿಷಯದಲ್ಲಿ ಮೆತ್ತಗಿದ್ದಷ್ಟೂ ಒಳ್ಳೆಯದು ಅಂದುಕೊಳ್ಳುವುದು ಸಹಜ. ಭಾರ ಹೊರಬೇಕಾದ್ದು ಕೂರುವ ಎರಡು ಮೂಳೆಗಳು. ತೀರಾ ಮೆತ್ತಗಿನ ಸೀಟಿನಲ್ಲಿ ಅವು ಹೂತುಹೋಗಿ ನಡುವಿನ ಮೃದು ಭಾಗದ ಮೇಲೆ ಒತ್ತಡ ಬೀಳುತ್ತದೆ. ಸೀಟಿನ ಹುಣ್ಣಿಗೆ ಉಜ್ಜಾಟ, ಬೆವರು, ಬ್ಯಾಕ್ಟೀರಿಯಾ ಮೂರೂ ಸೇರಿ ಕಾರಣ. ಪ್ಯಾಡ್ ಇರುವ ಚಡ್ಡಿಯ ಒಳಗೆ ಒಳಚಡ್ಡಿ ಬೇಡ. ಒಂದು ಒಣ ಜೊತೆ ಬ್ಯಾಗಿನಲ್ಲಿರಲಿ. ರೇಸಿಗೆ ಹತ್ತು ದಿನ ಇರುವಾಗ ಹೊಸ ಸೀಟು, ಹೊಸ ಶೂ ಅಂತ ಬರುವವರಿಗೆ ನಾನು ಬೈಯುತ್ತೇನೆ.

ಇವನ್ನೆಲ್ಲ ಮೊದಲೇ ಪರೀಕ್ಷೆ ಮಾಡಿಕೊಳ್ಳಲು ಬ್ರೆವೆ ಸವಾರಿಗಳಿಗಿಂತ, ಅಂದರೆ ಗೊತ್ತಾದ ದೂರವನ್ನು ಗೊತ್ತಾದ ಗಂಟೆಗಳೊಳಗೆ ಮುಗಿಸುವ ಸವಾರಿಗಳಿಗಿಂತ, ಒಳ್ಳೆಯ ದಾರಿ ಇಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅವು ರೇಸ್ ಅಲ್ಲ, ಅದೇ ಅನುಕೂಲ. ರೇಸಿನ ದಿನ ಒಯ್ಯುವ ಬ್ಯಾಗ್, ಲೈಟ್ ಎಲ್ಲ ಕಟ್ಟಿಕೊಂಡೇ 400 ಮಾಡಿ. ರಾತ್ರಿ ಸಿಗುತ್ತದೆ, ಜೋಮು ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅಂತಲೂ ತಿಳಿಯುತ್ತದೆ.

ವೇಗದ ಚಿಂತೆ ಇರುವವರು ಒಂದು ಲೆಕ್ಕ ನೋಡಿ. ಗಂಟೆಗೆ 24 ಕಿ.ಮೀ.ನಂತೆ 15 ಗಂಟೆ ತುಳಿದರೆ 360 ಕಿ.ಮೀ. ಗಂಟೆಗೆ 20ರಂತೆ 18 ಗಂಟೆ ತುಳಿದರೂ ಅಷ್ಟೇ. ಸರಾಸರಿಯನ್ನು ನಾಲ್ಕು ಕಿ.ಮೀ. ಏರಿಸುವುದು ಸುಲಭ ಅಲ್ಲ, ಅಲ್ವಾ? ನಿಂತಲ್ಲಿ ಸುಮ್ನೆ ಫೋನ್ ನೋಡುತ್ತಾ ಕಳೆಯುವ ಹೊತ್ತನ್ನು ಕಡಿಮೆ ಮಾಡಬಹುದು. ನೀರು, ಊಟ, ಶೌಚ, ಉಜ್ಜಾಟ ತಡೆಯುವ ಕ್ರೀಮು ಎಲ್ಲ ಒಂದೇ ನಿಲುಗಡೆಯಲ್ಲಿ ಮುಗಿಸುವ ಅಭ್ಯಾಸ ಮಾಡಿ.

ಹೊಟ್ಟೆಗೂ ತರಬೇತಿ ಬೇಕು. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಸಾಮಾನ್ಯ ಗುರಿ, ಅಭ್ಯಾಸ ಇದ್ದವರು 90ರವರೆಗೂ ಹೋಗುತ್ತಾರೆ. ಮನೆಯಲ್ಲಿ ಒಗ್ಗದ್ದು ರೇಸಿನಲ್ಲಿ ಒಗ್ಗುವುದಿಲ್ಲ. ಸಿಹಿ ಬೇಗ ಬೇಜಾರಾಗುತ್ತದೆ, ಉಪ್ಪಿನದೂ ಇರಲಿ. ಬಾಯಾರಿಕೆ ಮೀರಿ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ಗಲಿಬಿಲಿ ಶುರುವಾಗಬಹುದು.

ರಾತ್ರಿ ಎರಡರಿಂದ ಬೆಳಗಿನ ಐದರ ನಡುವೆ ಎಚ್ಚರ ತೀರಾ ಕುಗ್ಗುತ್ತದೆ. ಸೈಕಲ್ ಗೆರೆ ತಪ್ಪತೊಡಗಿದರೆ ಇನ್ನೂ ಹತ್ತು ಕಿ.ಮೀ. ಅಂತ ಚೌಕಾಸಿ ಬೇಡ. ರಸ್ತೆಯಿಂದ ದೂರ ಸರಿದು, ಅಲಾರಂ ಇಟ್ಟು ಇಪ್ಪತ್ತು ನಿಮಿಷ ಮಲಗಿ.

ರೇಸ್ ಮುಗಿದ ಮೇಲೆ ಬೆರಳ ಜೋಮು ಕೆಲವು ದಿನ ಉಳಿಯುವುದು ಸಾಮಾನ್ಯ. ಎರಡು ವಾರವಾದರೂ ತಗ್ಗದಿದ್ದರೆ, ಅಥವಾ ಗುಂಡಿ ಹಾಕಲು, ಬೀಗ ತಿರುಗಿಸಲು ಕಷ್ಟವಾದರೆ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಹ್ಯಾಂಡಲ್ ಹಿಡಿಯಬೇಡಿ.