ವಿಂಡೋಸ್‌ನಲ್ಲಿ ಓಡಿದ ಮೋಡೆಮ್ ಲಿನಕ್ಸ್‌ನಲ್ಲಿ ಯಾಕೆ ಕಾಣಿಸಲ್ಲ?

ಪ್ರಶ್ನೆ: ಅಟ್ಟದ ಮೇಲಿದ್ದ ಹಳೇ ಲ್ಯಾಪ್‌ಟಾಪ್ ಇಳಿಸಿ ಲಿನಕ್ಸ್ ಹಾಕಿದ್ದೇನೆ. ಸೌಂಡು, ವೈಫೈ ಎಲ್ಲಾ ಸರಿಯಾಗಿದೆ. ಒಳಗಿರುವ ಡಯಲ್-ಅಪ್ ಮೋಡೆಮ್ ಮಾತ್ರ ಕಾಣಿಸುತ್ತಿಲ್ಲ. ವಿಂಡೋಸ್ ಎಕ್ಸ್‌ಪಿ ಇದ್ದಾಗ ಇದೇ ಮೋಡೆಮ್‌ನಲ್ಲಿ ಇಂಟರ್ನೆಟ್ ನೋಡಿದ್ದೇನೆ. ಮೋಡೆಮ್ ಕೆಟ್ಟಿದೆಯಾ, ಇಲ್ಲಾ ಲಿನಕ್ಸ್‌ದೇ ತಪ್ಪಾ? ಏನು ಮಾಡಿದರೆ ಓಡುತ್ತೆ?

ಉತ್ತರ: ಮೋಡೆಮ್ ಕೆಟ್ಟಿರಲಿಕ್ಕಿಲ್ಲ. ಲಿನಕ್ಸ್‌ನ ತಪ್ಪೂ ಇಲ್ಲ. ನಿಮ್ಮ ಲ್ಯಾಪ್‌ಟಾಪ್ ಒಳಗಿರುವುದು ಅರ್ಧ ಮೋಡೆಮ್. ಇನ್ನರ್ಧ ವಿಂಡೋಸ್ ಅಳಿಸಿದಾಗ ಅದರ ಜೊತೆಗೇ ಹೋಯಿತು.

ಈ ಪ್ರಶ್ನೆಯನ್ನು ನಾನೂ ಒಮ್ಮೆ ಕೇಳಿದವನೇ. 2001ರ ಸುಮಾರಿಗೆ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿದ್ದೆ. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯವರು ‘ಯಾವುದಕ್ಕಾದರೂ ಹಾಕಿ ಸಾರ್, ಓಡುತ್ತೆ’ ಅಂತ ಒಂದು ಮೋಡೆಮ್ ಕಾರ್ಡ್ ಕೊಟ್ಟಿದ್ದರು. ಓಡಲಿಲ್ಲ. ಮೇಜಿನ ಮೇಲೆ ಇಡುವ, ಕೆಂಪು ದೀಪ ಮಿನುಗುವ ಡಬ್ಬಿ ಮೋಡೆಮ್‌ಗೆ ಅದರ ಮೂರು ಪಟ್ಟು ಬೆಲೆ ಹೇಳಿದ್ದರು. ಅಷ್ಟು ಜಾಸ್ತಿ ಯಾಕೆ ಅಂತ ಕೇಳುವ ಬುದ್ಧಿ ಆಗ ಬರಲಿಲ್ಲ.

ಕಾರಣ ಹೀಗೆ. ಟೆಲಿಫೋನ್ ತಂತಿ ಮಾತಿಗಾಗಿ ಮಾಡಿದ್ದು. ಸುಮಾರು 300ರಿಂದ 3400 ಹರ್ಟ್ಸ್ ಒಳಗಿನ ಶಬ್ದವನ್ನಷ್ಟೇ ಅದು ದಾಟಿಸುತ್ತದೆ. ಕಂಪ್ಯೂಟರ್‌ನ ಸೊನ್ನೆ-ಒಂದುಗಳನ್ನು ಆ ಶಬ್ದಕ್ಕೆ ಇಳಿಸುವುದು, ಆ ಕಡೆಯಿಂದ ಬಂದ ಶಬ್ದವನ್ನು ಮತ್ತೆ ಸೊನ್ನೆ-ಒಂದು ಮಾಡುವುದು ಮೋಡೆಮ್ ಕೆಲಸ. ಇದಕ್ಕೆ ಮೂರು ಭಾಗ ಬೇಕು. ತಂತಿಗೆ ಅಂಟಿಕೊಳ್ಳುವ ಭಾಗ ಒಂದು. ಶಬ್ದದ ಲೆಕ್ಕಾಚಾರ ಮಾಡುವ ಚಿಪ್ ಇನ್ನೊಂದು. ‘ಈ ನಂಬರ್‌ಗೆ ಡಯಲ್ ಮಾಡು, ತಪ್ಪು ಬಂದರೆ ಮತ್ತೆ ಕಳಿಸು’ ಎಂಬ ಮೇಸ್ತ್ರಿ ಕೆಲಸದ ಕಂಟ್ರೋಲರ್ ಮೂರನೆಯದು.

ಡಬ್ಬಿ ಮೋಡೆಮ್‌ನಲ್ಲಿ ಮೂರೂ ಇರುತ್ತವೆ. ತೊಂಬತ್ತರ ದಶಕದಲ್ಲಿ ಪ್ರೊಸೆಸರ್‌ಗಳು ಚುರುಕಾದವು. ಲೆಕ್ಕವನ್ನು ಪೆಂಟಿಯಂ ಮಾಡಲಿ, ನಾವ್ಯಾಕೆ ಚಿಪ್ ಹಾಕಬೇಕು ಅಂತ ಕಂಪನಿಗಳಿಗೆ ಅನಿಸಿತು. ತಂತಿಗೆ ಅಂಟುವ ಭಾಗ ಮಾತ್ರ ಕಾರ್ಡಿನ ಮೇಲೆ ಉಳಿಯಿತು. ಬಾಕಿ ಕೆಲಸ ಡ್ರೈವರ್‌ಗೆ, ಅಂದರೆ ಆ ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್‌ಗೆ ಹೋಯಿತು. ಮದುವೆ ಮನೆಗೆ ಅಡುಗೆ ಭಟ್ಟರನ್ನು ಕರೆದ ಹಾಗೆ. ಒಬ್ಬರು ಪಾತ್ರೆ, ಒಲೆ, ಆಳು ಸಮೇತ ಬರುತ್ತಾರೆ. ಇನ್ನೊಬ್ಬರು ಒಂದು ಸೌಟು ಹಿಡಿದು ಬಂದು ‘ಒಲೆ ಎಲ್ಲಿದೆ?’ ಅಂತಾರೆ. ಎರಡನೆಯವರ ರೇಟು ಕಡಿಮೆ, ಅಲ್ವಾ? ಎಸ್‌ಪಿ ರೋಡಿನ ಲೆಕ್ಕವೂ ಅದೇ.

ಇಂಥ ಮೋಡೆಮ್‌ಗೆ ವಿನ್‌ಮೋಡೆಮ್ ಅನ್ನುವ ಹೆಸರು ಬಿತ್ತು. ಮೂಲದಲ್ಲಿ ಅದು ಯುಎಸ್ ರೋಬೋಟಿಕ್ಸ್‌ನವರ ಟ್ರೇಡ್‌ಮಾರ್ಕ್. ಆಮೇಲೆ ಎಲ್ಲರ ಅರ್ಧ ಮೋಡೆಮ್‌ಗೂ ಜನ ಅದನ್ನೇ ಹೇಳತೊಡಗಿದರು. ಡ್ರೈವರ್ ಬರುತ್ತಿದ್ದದ್ದು ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ. ಒಳಗಿನ ಗುಟ್ಟನ್ನು ಕಂಪನಿಗಳು ಬಿಟ್ಟುಕೊಡಲಿಲ್ಲ. ಗುಟ್ಟು ಗೊತ್ತಿಲ್ಲದೆ ಲಿನಕ್ಸ್‌ನವರು ಡ್ರೈವರ್ ಬರೆಯುವುದು ಹೇಗೆ? ಆದರೂ ಕೆಲವರು ಬಿಡಲಿಲ್ಲ. ಮುಂದೆ ಕ್ಯೂಇಎಂಯು (ಒಂದು ಕಂಪ್ಯೂಟರ್ ಒಳಗೇ ಇನ್ನೊಂದನ್ನು ಅನುಕರಿಸುವ ಪ್ರೋಗ್ರಾಂ) ಬರೆದ ಫ್ರೆಂಚ್ ಪ್ರೋಗ್ರಾಮರ್ ಫಾಬ್ರಿಸ್ ಬೆಲಾರ್ಡ್ ಕೂಡ ಪೂರ್ತಿ ಸಾಫ್ಟ್‌ವೇರ್‌ನಲ್ಲೇ ಓಡುವ ಒಂದು ಮೋಡೆಮ್ ಬರೆಯಲು ಕೈ ಹಾಕಿದ್ದರು. ಹೇಗೋ ಲಿನಕ್ಸ್‌ನಲ್ಲಿ ಓಡಿಸಿದ ವಿನ್‌ಮೋಡೆಮ್‌ಗೆ ‘ಲಿನ್‌ಮೋಡೆಮ್’ ಅಂತ ಹೊಸ ಹೆಸರಿಟ್ಟರು.

ಈಗ ನಿಮ್ಮ ಲ್ಯಾಪ್‌ಟಾಪ್‌ಗೆ ಬರೋಣ. ಒಂದು ಮಾತು ಮೊದಲೇ: ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಅವೇ ಇಂಗ್ಲಿಷ್ ಅಕ್ಷರಗಳನ್ನು ಹಾಕಿಕೊಳ್ಳಿ.

ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಕೊಡಿ. ಮೋಡೆಮ್ ಸಾಲಿನಲ್ಲಿ ‘ಸೀರಿಯಲ್ ಕಂಟ್ರೋಲರ್’ ಅಂತ ಬಂದರೆ ಅದು ಪೂರ್ತಿ ಮೋಡೆಮ್ ಇರುವ ಸಾಧ್ಯತೆ ಜಾಸ್ತಿ. ‘ಕಮ್ಯುನಿಕೇಶನ್ ಕಂಟ್ರೋಲರ್’ ಅಥವಾ ‘ಮೋಡೆಮ್’ ಅಂತ ಬಂದರೆ ಅದು ಅರ್ಧದ್ದು ಅಂದುಕೊಳ್ಳಿ. ಅದೇ ಕಮಾಂಡ್ ಮುಂದೆ ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ಎರಡು ‘ಎನ್’ ಸೇರಿಸಿದರೆ ತಯಾರಕರ ಕೋಡ್ ಕೂಡ ಸಿಗುತ್ತದೆ. 11ಸಿ1 ಅಂದರೆ ಲೂಸೆಂಟ್, 14ಎಫ್1 ಅಂದರೆ ಕಾನೆಕ್ಸೆಂಟ್. 8086 ಅಂತ ಬಂದರೆ ಇಂಟೆಲ್. ಆದರೆ ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಹೆಸರು ನೋಡಿ ಮೋಸ ಹೋಗಬೇಡಿ. ಸೌಂಡ್ ಚಿಪ್‌ನ ಪಕ್ಕದಲ್ಲೇ ಮೋಡೆಮ್‌ಗೂ ಒಂದು ಬಾಗಿಲು ಇಟ್ಟಿರುತ್ತಾರೆ. ಇಂಟೆಲ್‌ದು ಬಾಗಿಲು ಮಾತ್ರ. ಒಳಗೆ ಕೂತಿರುವ ಚಿಪ್ ಬೇರೆ ಯಾರದೋ ಆಗಿರುತ್ತದೆ.

ಲೂಸೆಂಟ್‌ಗೆ ಎಲ್‌ಟಿಮೋಡೆಮ್ ಅಂತ ಡ್ರೈವರ್ ಇತ್ತು. ನನ್ನ ಕಾರ್ಡ್ ಅದೇ. ಆದರೆ ತಮಾಷೆ ನೋಡಿ, ಮೋಡೆಮ್ ಓಡಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಇಳಿಸಬೇಕಾದರೆ ಮೋಡೆಮ್ ಓಡಬೇಕು. ಸೈಬರ್ ಕೆಫೆಗೆ ಹೋಗಿ 1.44 ಎಂಬಿ ಫ್ಲಾಪಿಯಲ್ಲಿ ತಂದೆ. ಮನೆಗೆ ಬಂದು ನೋಡಿದರೆ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಬೇರೆ ಆವೃತ್ತಿಯದು. ಎರಡನೇ ಸಲ ಸರಿಯಾದ್ದು ತಂದೆ, ಫ್ಲಾಪಿ ಓದಲಿಲ್ಲ. ಮೂರನೇ ಸಲಕ್ಕೆ ಎರಡು ಫ್ಲಾಪಿ ಒಯ್ದಿದ್ದೆ.

ಕಾನೆಕ್ಸೆಂಟ್‌ಗೆ ಲಿನಕ್ಸೆಂಟ್ ಎಂಬ ಕಂಪನಿ ಡ್ರೈವರ್ ಮಾರುತ್ತಿತ್ತು. ಪುಕ್ಕಟೆ ಕೊಡುತ್ತಿದ್ದದ್ದು 14.4 ಕಿಲೋಬಿಟ್‌ಗಿಂತ ಮೇಲೆ ಹೋಗುತ್ತಿರಲಿಲ್ಲ. ಸ್ಮಾರ್ಟ್‌ಲಿಂಕ್ ಚಿಪ್‌ಗಳಿಗೆ ಎಸ್‌ಎಲ್‌ಮೋಡೆಮ್‌ಡಿ ಎಂಬ ಪ್ರೋಗ್ರಾಂ ಇದೆ. ಅದು ಲಿನಕ್ಸ್‌ನ ಸೌಂಡ್ ಡ್ರೈವರ್ ಮೂಲಕವೇ ಮೋಡೆಮ್ ಹತ್ತಿರ ಮಾತಾಡುತ್ತದೆ. ನಿಮ್ಮದು ಲ್ಯಾಪ್‌ಟಾಪ್ ಆಗಿರುವುದರಿಂದ ಮೊದಲು ಇದನ್ನೇ ಪ್ರಯತ್ನಿಸಿ.

ಕಷ್ಟ ಏನೆಂದರೆ, ಇವುಗಳ ಹೊಟ್ಟೆಯೊಳಗೆ ಸೋರ್ಸ್ (ಪ್ರೋಗ್ರಾಮರ್ ಬರೆದ ಮೂಲ) ಇಲ್ಲದ, ಮೊದಲೇ ಕಂಪೈಲ್ ಆದ (ಯಂತ್ರಭಾಷೆಗೆ ಇಳಿಸಿಟ್ಟ) ಒಂದು ತುಂಡು ಇರುತ್ತದೆ. ಅದು 2.4, 2.6 ಕರ್ನಲ್ ಕಾಲದ, 32 ಬಿಟ್‌ನ ಸರಕು. ಕರ್ನಲ್‌ಗೆ ಸೇರಿಸುವ ಡ್ರೈವರ್‌ಗಳು ಇವತ್ತಿನ ಲಿನಕ್ಸ್‌ನಲ್ಲಿ ಇದ್ದ ಹಾಗೇ ಕಂಪೈಲ್ ಆಗುವುದಿಲ್ಲ. ಹಟವಿದ್ದರೆ ಆ ಕಾಲದ ಒಂದು ಲಿನಕ್ಸನ್ನೇ ಬೇರೆ ಪಾರ್ಟಿಶನ್‌ನಲ್ಲಿ ಹಾಕಿಕೊಳ್ಳಬಹುದು. ಅದರಲ್ಲಿ ಬ್ಯಾಂಕ್ ವ್ಯವಹಾರ ಮಾತ್ರ ಬೇಡ.

ನನ್ನ ಕೇಳಿದರೆ, ಒಳಗಿನ ಮೋಡೆಮ್ ಬಿಟ್ಟುಬಿಡಿ. ಹಳೇ ಸಾಮಾನಿನ ಅಂಗಡಿಯಲ್ಲಿ ಸೀರಿಯಲ್ ಪೋರ್ಟ್‌ನ ಡಬ್ಬಿ ಮೋಡೆಮ್ ಸಿಕ್ಕರೆ ತನ್ನಿ. ಲ್ಯಾಪ್‌ಟಾಪ್‌ನಲ್ಲಿ ಸೀರಿಯಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ-ಸೀರಿಯಲ್ ಕೇಬಲ್ ಸಾಕು, ಪೋರ್ಟ್‌ನ ಹೆಸರು ಟಿಟಿವೈಯುಎಸ್‌ಬಿ0 ಅಂತ ಕಾಣಿಸುತ್ತದೆ. ನೇರ ಯುಎಸ್‌ಬಿ ಮೋಡೆಮ್‌ಗಳಲ್ಲಿ ಯುಎಸ್ ರೋಬೋಟಿಕ್ಸ್ 5637 ತರಹದ ಪೂರ್ತಿ ಮೋಡೆಮ್ ಆದರೆ ಡ್ರೈವರೇ ಬೇಡ, ಟಿಟಿವೈಎಸಿಎಂ0 ಅಂತ ತಾನಾಗೇ ಬರುತ್ತದೆ. ಯುಎಸ್‌ಬಿ ಅಂದ ಮಾತ್ರಕ್ಕೆ ಎಲ್ಲವೂ ಪೂರ್ತಿ ಅಲ್ಲ. ಅಲ್ಲೂ ಸೌಟು ಮಾತ್ರ ಹಿಡಿದು ಬಂದವರಿದ್ದಾರೆ.

ಮೋಡೆಮ್ ಸಿಕ್ಕಿತು ಅನ್ನಿ. ಮೋಡೆಮ್ ಜೊತೆ ನೇರವಾಗಿ ಮಾತಾಡಿಸುವ ಮಿನಿಕಾಮ್ ಎಂಬ ಪ್ರೋಗ್ರಾಂ ತೆರೆದು ಆ ಪೋರ್ಟ್ ಆರಿಸಿ, ಎಟಿ ಅಂತ ಒತ್ತಿ ಎಂಟರ್ ಹೊಡೆಯಿರಿ. ‘ಓಕೆ’ ಅಂತ ಉತ್ತರ ಬಂದರೆ ಅರ್ಧ ಗೆದ್ದಿರಿ. ಎಟಿ ಅಂದರೆ ಅಟೆನ್ಶನ್, ‘ಇಲ್ಲಿ ಕೇಳು’ ಅಂದ ಹಾಗೆ. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಬಂದ ಭಾಷೆ ಇದು. ಅದರ ವೇಗ ಸೆಕೆಂಡಿಗೆ 300 ಬಿಟ್. ಆಮೇಲೆ ಬಂದ ಮೋಡೆಮ್‌ಗಳೆಲ್ಲ ಇದೇ ಭಾಷೆ ಕಲಿತವು. 3ಜಿ ಡಾಂಗಲ್ ಸಿಕ್ಕಿಸಿ *99# ಗೆ ಡಯಲ್ ಮಾಡಿದ ನೆನಪು ನಿಮಗಿದ್ದರೆ, ಅಲ್ಲೂ ಒಳಗೆ ಓಡುತ್ತಿದ್ದದ್ದು ಎಟಿ ಕಮಾಂಡೇ.

‘ಓಕೆ’ ಬರುವ ಬದಲು ‘ಪರ್ಮಿಶನ್ ಡಿನೈಡ್’ ಬಂದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಎಂಬ ಗ್ರೂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಗ್ರೂಪಿನ ಹೆಸರು ಅದು. ಆರ್ಚ್‌ನಲ್ಲಿ ಯುಯುಸಿಪಿ.

ನಮ್ಮ ದೇಶದಲ್ಲಿ ಇನ್ನೊಂದು ತಾಪತ್ರಯ ಇತ್ತು. ಫೋನ್ ಕಿವಿಗಿಟ್ಟರೆ ಡಯಲ್ ಟೋನ್ ಚೆನ್ನಾಗಿ ಕೇಳುತ್ತದೆ, ಮೋಡೆಮ್ ಮಾತ್ರ ‘ನೋ ಡಯಲ್‌ಟೋನ್’ ಅಂತ ಮೊಂಡು ಹಿಡಿಯುತ್ತದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಬೆರೆತದ್ದು. ನಮ್ಮದು 400 ಹರ್ಟ್ಸ್ ಸುತ್ತ ಗುಂಯ್ಗುಡುವಂಥದ್ದು. ಅಲ್ಲಿನ ಕಿವಿಗೆ ಇಲ್ಲಿನ ರಾಗ ಹತ್ತಲಿಲ್ಲ. ಇದಕ್ಕೆ ಮದ್ದು ಎಟಿಎಕ್ಸ್3. ‘ಟೋನ್‌ಗೆ ಕಾಯಬೇಡ, ಸುಮ್ನೆ ಡಯಲ್ ಮಾಡು’ ಅಂತ ಅದರ ಅರ್ಥ. ಆಮೇಲೆ ಎಟಿಡಿಟಿ ಹಾಕಿ ನಂಬರ್ ಕೊಡಬೇಕು. ಬೆರಳು ತಿರುಗಿಸುವ ಫೋನ್ ಕಾಲದ ಎಕ್ಸ್‌ಚೇಂಜ್ ಆದರೆ ಕೊನೆಯ ‘ಟಿ’ ಬದಲು ‘ಪಿ’.

ಲೈನ್ ಸಿಕ್ಕಿ ‘ಕನೆಕ್ಟ್’ ಅಂತ ಬಂದ ಮೇಲಿನ ಮಾತುಕತೆಯನ್ನು ಪಿಪಿಪಿಡಿ ಎಂಬ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಕೈಯಾರೆ ಮಾಡುವ ಗೋಜು ಬೇಡ ಅಂದರೆ ಡಬ್ಲ್ಯೂವಿಡಯಲ್ ಹಾಕಿಕೊಳ್ಳಿ. ಅದರ ಜೊತೆ ಬರುವ ಡಬ್ಲ್ಯೂವಿಡಯಲ್‌ಕಾನ್ಫ್ ತಾನೇ ಪೋರ್ಟ್‌ಗಳನ್ನೆಲ್ಲ ತಟ್ಟಿ ನೋಡಿ ಮೋಡೆಮ್ ಹುಡುಕುತ್ತದೆ. ನೀವು ತುಂಬಬೇಕಾದ್ದು ಫೋನ್ ನಂಬರ್, ಯೂಸರ್‌ನೇಮ್, ಪಾಸ್‌ವರ್ಡ್ ಮೂರೇ. ‘ಬಾಡ್’ ಜಾಗದಲ್ಲಿ 115200 ಇದ್ದರೆ ಗಾಬರಿ ಬೇಡ. ಅದು ಕಂಪ್ಯೂಟರ್‌ಗೂ ಮೋಡೆಮ್‌ಗೂ ನಡುವಿನ ವೇಗ. ಮೋಡೆಮ್ ಮಾಹಿತಿಯನ್ನು ಹಿಂಡಿ ಕಳಿಸುವುದರಿಂದ ಈ ಕಡೆ ದಾರಿ ಅಗಲವಾಗಿರಬೇಕು. ಲಾಗಿನ್ ಹಂತದಲ್ಲಿ ಸುಮ್ಮನೆ ನಿಂತುಬಿಟ್ಟರೆ ‘ಸ್ಟುಪಿಡ್ ಮೋಡ್’ ಎಂಬ ಆಯ್ಕೆಯನ್ನು ಆನ್ ಮಾಡಿ. ಹೆಸರು ಹಾಗಿದ್ದರೂ ಎಷ್ಟೋ ಕಡೆ ದಾರಿಗೆ ತಂದದ್ದು ಅದೇ.

ಕನೆಕ್ಟ್ ಆಗಿಯೂ ಯಾವ ಪುಟವೂ ತೆರೆಯದಿದ್ದರೆ? ವೈಫೈ ಅಥವಾ ಲ್ಯಾನ್ ಆನ್ ಇದ್ದರೆ ಹೊರಗೆ ಹೋಗುವ ದಾರಿ ಅದರದ್ದೇ ಆಗಿರುತ್ತದೆ. ಪಿಪಿಪಿಡಿ ಅದನ್ನು ತಾನಾಗಿ ಕೀಳುವುದಿಲ್ಲ. ಹಾಗಾಗಿ ಅದನ್ನು ಆಫ್ ಮಾಡಿ ಮತ್ತೆ ಡಯಲ್ ಮಾಡಿ. ಅಂಕಿಯ ಐಪಿ ವಿಳಾಸಕ್ಕೆ ಪಿಂಗ್ ಹೋಗಿ ಹೆಸರಿಗೆ ಹೋಗದಿದ್ದರೆ, ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಸಿಕ್ಕಿಲ್ಲ ಅಂತ. ಪಿಪಿಪಿಡಿಯ ಆಯ್ಕೆಗಳಲ್ಲಿ ‘ಯೂಸ್‌ಪಿಯರ್‌ಡಿಎನ್‌ಎಸ್’ ಇದೆಯಾ ನೋಡಿ.

ಸರಿ, ಡಯಲ್ ಮಾಡುವುದು ಎಲ್ಲಿಗೆ? ನೀವು ಕೇಳದ ಪ್ರಶ್ನೆ, ಆದರೆ ನಿಜವಾದ ತೊಡಕು ಇದು. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಶುರು ಮಾಡಿದಾಗ ಇದ್ದ ದಾರಿ ಡಯಲ್-ಅಪ್. ಮನೆಯಲ್ಲಿ ಯಾರಾದರೂ ಇನ್ನೊಂದು ಕೋಣೆಯ ಫೋನ್ ಎತ್ತಿದರೆ ಲೈನ್ ಕಟ್. ಈಗ ಅಮೆರಿಕದಲ್ಲೇ ಎಒಎಲ್ ಎಂಬ ಇಂಟರ್ನೆಟ್ ಕಂಪನಿ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ನಿಲ್ಲಿಸಿತು. ಇಲ್ಲಿ ಫೈಬರ್ ಮೇಲೆ ಬರುವ ಲ್ಯಾಂಡ್‌ಲೈನ್‌ಗೆ ಸಿಕ್ಕಿಸಿದರೂ ಭರವಸೆ ಕಡಿಮೆ. ಧ್ವನಿಯನ್ನು ಹಿಂಡಿ, ತುಂಡು ಮಾಡಿ ಕಳಿಸುವ ಕಡೆ ಮೋಡೆಮ್‌ನ ಕಿರುಚಾಟ ಕೆಡದೆ ದಾಟುವುದು ಕಷ್ಟ.

ಅದಕ್ಕೇ ಡಬ್ಬಿ ಮೋಡೆಮ್ ಒಂದಲ್ಲ, ಎರಡು ತಂದರೆ ಒಳ್ಳೆಯದು. ಒಂದನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರ್‌ಗೆ ಸಿಕ್ಕಿಸಿ. ಎರಡರ ನಡುವೆ ಒಂದು ಟೆಲಿಫೋನ್ ವೈರ್ ಎಳೆಯಿರಿ. ಎಕ್ಸ್‌ಚೇಂಜ್ ಬೇಡ. ಒಂದರಲ್ಲಿ ಎಟಿಎಕ್ಸ್3ಡಿ, ಇನ್ನೊಂದರಲ್ಲಿ ಎಟಿಎ. ಬಹಳಷ್ಟು ಮೋಡೆಮ್‌ಗಳು ಇಷ್ಟಕ್ಕೇ ಒಂದನ್ನೊಂದು ಗುರುತು ಹಿಡಿಯುತ್ತವೆ. ಕೆಲವಕ್ಕೆ ಎಕ್ಸ್‌ಚೇಂಜ್ ಕೊಡುತ್ತಿದ್ದ ಕರೆಂಟ್ ಇಲ್ಲದೆ ಆಗುವುದಿಲ್ಲ. ಅಂಥವಕ್ಕೆ ಆಫೀಸಿನಲ್ಲಿ ಇಂಟರ್‌ಕಾಮ್‌ಗೆ ಬಳಸುತ್ತಿದ್ದ ಸಣ್ಣ ಇಪಿಎಬಿಎಕ್ಸ್ ಸಿಕ್ಕರೆ ಒಳ್ಳೆಯದು. ಆಗ ನಿಜವಾಗಿ ನಂಬರ್ ಒತ್ತಿ ಕರೆಯಬಹುದು. ಉತ್ತರ ಕೊಡುವ ಕಡೆ ಎಂಗೆಟ್ಟಿ ಎಂಬ ಪ್ರೋಗ್ರಾಂ ಹಾಕಿದರೆ, ಕರೆ ಬಂದಾಗ ಅದೇ ಎತ್ತಿ ಪಿಪಿಪಿಡಿಗೆ ಒಪ್ಪಿಸುತ್ತದೆ. ನಿಮ್ಮ ಮನೆಯೇ ಒಂದು ಪುಟ್ಟ ವಿಎಸ್‌ಎನ್‌ಎಲ್.

ಡಬ್ಬಿಯ ಮೇಲೆ 56ಕೆ ಅಂತ ಬರೆದಿದ್ದರೂ ಹೀಗೆ ಜೋಡಿಸಿದಾಗ ಸೆಕೆಂಡಿಗೆ 33.6 ಕಿಲೋಬಿಟ್ ದಾಟುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಎಕ್ಸ್‌ಚೇಂಜ್ ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆದುಕೊಳ್ಳುತ್ತದೆ. ಒಟ್ಟು 64 ಕಿಲೋಬಿಟ್. ಅದರಲ್ಲಿ 7 ಬಿಟ್ ನಂಬಿಕೊಂಡರೆ 56. ಇಂಟರ್ನೆಟ್ ಕಂಪನಿ ತನ್ನ ಕಡೆಯಿಂದ ಡಿಜಿಟಲ್ ಆಗಿಯೇ ಎಕ್ಸ್‌ಚೇಂಜ್‌ಗೆ ಸೇರಿಕೊಂಡಿದ್ದರೆ ಮಾತ್ರ ಈ ಲೆಕ್ಕ ಕೂಡಿ ಬರುತ್ತದೆ. 1998ರಲ್ಲಿ ಬಂದ ವಿ.90 ಎಂಬ ಮೋಡೆಮ್ ಮಾನದಂಡ ಮಾಡಿದ್ದು ಇದನ್ನೇ, ಅದೂ ಇಳಿಸಿಕೊಳ್ಳುವ ದಿಕ್ಕಿನಲ್ಲಿ ಮಾತ್ರ. ಎರಡೂ ತುದಿ ಮಾಮೂಲಿ ಮೋಡೆಮ್ ಆದರೆ ಅದಕ್ಕಿಂತ ಹಳೇ ಮಾನದಂಡ ವಿ.34ರ ಮಿತಿಯೇ ಗತಿ.

ಮೊದಲ ಸಲ ಓಡಿಸುವಾಗ ರಾತ್ರಿ ಹೊತ್ತು ಬೇಡ. ಆ ಕೀಚಲು, ಗೊರಗೊರ ಶಬ್ದಕ್ಕೆ ಮನೆಯವರೆಲ್ಲ ಏಳುತ್ತಾರೆ. ಬಾಯಿ ಮುಚ್ಚಿಸಲು ಕಮಾಂಡ್ ಇದೆ: ಎಟಿಎಂ0. ಹೌದು, ಎಟಿಎಂ. ನಾನಂತೂ ಅದನ್ನು ಹಾಕಿಲ್ಲ.